ಚಿತ್ರದ ಪಕ್ಕದ ಚೀಟಿ

ಚೀಟಿಯಕ್ಕ ಎಂಬ ಹೆಸರು ಅವಳಿಗೆ ಅಂಟಿಕೊಂಡಿದ್ದು ನಲವತ್ತೊಂದನೆಯ ವಯಸ್ಸಿನಲ್ಲಿ. ಅದಕ್ಕೆ ಮೊದಲು ಹದಿನೆಂಟು ವರ್ಷ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದಳು. ಒಂದು ದಿನ ಅಚ್ಚುಕೂಟದ ಬಾಗಿಲು ಮುಚ್ಚಿತು. ಕೆಂಪು ಪೆನ್ನುಗಳನ್ನು ಕೈಚೀಲಕ್ಕೆ ಹಾಕಿಕೊಂಡು ಮನೆಗೆ ಬಂದಳು. ಮನೆಯಲ್ಲಿದ್ದದ್ದು ಕಾಲೇಜಿಗೆ ಹೋಗುವ ಮಗಳು ಮತ್ತು ನಾಲಿಗೆ ಚುರುಕಿನ ಅತ್ತೆ. ಗಂಡ ದೂರದೂರಿಗೆ ಲಾರಿ ಓಡಿಸುವವನು. ಹದಿನೈದು ದಿನಕ್ಕೊಮ್ಮೆ ಬಂದು, ಎರಡು ದಿನ ನಿದ್ದೆ ಮಾಡಿ ಹೋಗುತ್ತಿದ್ದ. ಮಾಡಲು ಕೆಲಸವಿಲ್ಲದೆ ಸೊಸೆ ಒಂದೇ ಪಾತ್ರೆಯನ್ನು ಎರಡೆರಡು ಸಲ ಉಜ್ಜುವುದನ್ನು ಮೂರು ತಿಂಗಳು ನೋಡಿದ ಅತ್ತೆ ಕೊನೆಗೆ, "ನೀನು ಹೀಗೇ ಉಜ್ಜಿದ್ರೆ ತಳ ತೂತಾಗುತ್ತೆ ಕಣೆ. ಎಲ್ಲಾದ್ರೂ ಕೆಲಸ ನೋಡ್ಕೋ, ಪಾತ್ರೆನಾದ್ರೂ ಉಳೀಲಿ" ಎಂದರು.

ಹಾಗೆ ಅವಳು ಸೇರಿದ್ದು ಒಂದು ಫೋಟೋ ಸ್ಟುಡಿಯೊ. ಟೈರ್ ಅಂಗಡಿಯ ಮೇಲಿನ ಮಹಡಿ. ಮೆಟ್ಟಿಲು ಹತ್ತುವಾಗ ರಬ್ಬರಿನ ವಾಸನೆ, ಹತ್ತಿದ ಮೇಲೆ ಬಿಸಿಯಾದ ಕಂಪ್ಯೂಟರುಗಳ ವಾಸನೆ. ಮುಂದಿನ ಕೋಣೆಯಲ್ಲಿ ದೀಪಗಳು, ಪರದೆ, ಎತ್ತರ ತಗ್ಗು ಮಾಡುವ ಸ್ಟೂಲು. ಹಿಂದಿನ ಕೋಣೆ ಫೋಟೋ ತಿದ್ದುವುದಕ್ಕೆ. ಆ ಕೋಣೆಯ ಗೋಡೆ, ಕಿಟಕಿಯ ಪರದೆ, ಮೇಜು ಎಲ್ಲವೂ ಬೂದು ಬಣ್ಣ. ಸುತ್ತಲಿನ ಬಣ್ಣ ಕಣ್ಣಿಗೆ ಮೋಸ ಮಾಡಬಾರದು ಎಂದು. ಹಿಂದೆ ಯಾರದೋ ಅಡುಗೆಮನೆಯಾಗಿದ್ದ ಮೂಲೆಯಲ್ಲಿ, ಸಿಂಕಿನ ಪಕ್ಕದ ಕಟ್ಟೆಯ ಮೇಲೆ, ಹಸಿರು ದೀಪ ಮಿಟುಕಿಸುವ ಡಿಸ್ಕಿನ ಪೆಟ್ಟಿಗೆ. ಹನ್ನೆರಡು ವರ್ಷ ತೆಗೆದ ಫೋಟೋಗಳೆಲ್ಲ ಅದರೊಳಗಿದ್ದವು: ಶಾಲೆಯ ಮಕ್ಕಳು, ಮದುಮಕ್ಕಳು, ಕಾರ್ಖಾನೆಯವರ ಗುರುತಿನ ಕಾರ್ಡಿನ ಮುಖಗಳು, ಮೊದಲ ಹಲ್ಲು ಬಂದ ಕೂಸುಗಳು. ಎಲ್ಲರ ಕಂಪ್ಯೂಟರಿಗೂ ಅದರ ನಂಟು. ಅದನ್ನು ಅವರು ಲೈಬ್ರರಿ ಎನ್ನುತ್ತಿದ್ದರು.

ಸ್ಟುಡಿಯೊ ಒಡತಿ ಕ್ಯಾಮೆರಾ ಹಿಡಿಯುವವರು. ಮಾತು ಕಡಿಮೆ, ನಡಿಗೆ ಜೋರು. ಫೋಟೋ ತಿದ್ದುವವರು ಇಬ್ಬರು. ಒಬ್ಬ ಒಡತಿಯ ತಮ್ಮ. ಅವನಿಗಿಂತ ಚಿಕ್ಕವರೂ ಅವನನ್ನು ತಮ್ಮ ಎಂದೇ ಕರೆಯುತ್ತಿದ್ದರು. ಅವನ ಕೈಗೆ ಸಿಕ್ಕ ಫೋಟೋದಲ್ಲಿ ಬೆಳಗಿನ ಎಂಟು ಗಂಟೆಗೂ ಸಂಜೆಬಿಸಿಲು ಬೀಳುತ್ತಿತ್ತು. ಇನ್ನೊಬ್ಬರು ಮೇಷ್ಟ್ರು. ಶಾಲೆಯಲ್ಲಿ ಚಿತ್ರ ಬಿಡಿಸಲು ಕಲಿಸುತ್ತಿದ್ದವರು, ಅರವತ್ತು ದಾಟಿದವರು, ಎಂಟು ವರ್ಷದಿಂದ ಇಲ್ಲಿದ್ದವರು. ಒಂದು ಮುಖವನ್ನು ಅವರು ತಿದ್ದಿದರೆ ತಿದ್ದಿದ್ದಾರೆ ಎಂದು ಆ ಮುಖದವರಿಗೂ ಗೊತ್ತಾಗುತ್ತಿರಲಿಲ್ಲ. ಇವತ್ತು ನಾನು ಚೆನ್ನಾಗಿ ಕಾಣ್ತಿದ್ದೆ ಅಂದುಕೊಂಡು ಹೋಗುತ್ತಿದ್ದರು. ಪಕ್ಕದ ಚಿಕ್ಕ ಕೋಣೆಯಲ್ಲಿ ಪ್ರಿಂಟ್ ಹಾಕುವವನಿಗೆ ಪ್ರಿಂಟಣ್ಣ ಎಂದು ಹೆಸರು.

"ಡಿಸ್ಕು ತುಂಬ್ತಾ ಇದೆ. ಎರಡೆರಡು ಸಲ ಬಂದಿರೋದು, ಕೆಲಸಕ್ಕೆ ಬಾರದ್ದು, ಎಲ್ಲ ತೆಗೆದುಹಾಕಿ" ಎಂದು ಒಡತಿ ಮೊದಲ ದಿನವೇ ಹೇಳಿದ್ದರು. ಅವಳು ಶ್ರದ್ಧೆಯಿಂದ ಹೆಕ್ಕತೊಡಗಿದಳು. ಮೂರನೆಯ ವಾರದ ಶನಿವಾರ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಪ್ರತಿ ಫೋಟೋದ ಪಕ್ಕದಲ್ಲೂ ಅದೇ ಹೆಸರಿನ, ಚುಕ್ಕಿಯ ನಂತರದ ಬಾಲ ಮಾತ್ರ ಬೇರೆಯಿರುವ, ಇಷ್ಟೇ ಇಷ್ಟು ಗಾತ್ರದ ಒಂದು ಫೈಲು. ಒತ್ತಿದರೆ ಚಿತ್ರ ಬರುವುದಿಲ್ಲ. ಬರೀ ಚಿಹ್ನೆ, ಅಂಕಿ, ತಲೆಬುಡವಿಲ್ಲದ ಸಾಲುಗಳು. ಅಚ್ಚುಕೂಟದಲ್ಲಿ ಅಂಥ ಗೀಚು ಕಂಡರೆ ಕೆಂಪು ಗೆರೆ ಎಳೆದು ಮುಂದೆ ಹೋಗುವುದೇ ಅಭ್ಯಾಸ. ಹೊಟ್ಟು ಎಂದುಕೊಂಡಳು. ಹದಿನಾಲ್ಕು ಸಾವಿರ ಫೈಲುಗಳನ್ನು ಒಟ್ಟಿಗೆ ಆರಿಸಿ ಒಂದೇ ಏಟಿಗೆ ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿ, ಹಗುರಾಗಿ ಮನೆಗೆ ಹೋದಳು. ಅಷ್ಟೆಲ್ಲ ಗುಡಿಸಿದ ಮೇಲೂ ಖಾಲಿಯಾದದ್ದು ನಾಲ್ಕೈದು ಫೋಟೋ ಹಿಡಿಸುವಷ್ಟು ಜಾಗ ಮಾತ್ರ. ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ.

ಸೋಮವಾರ ಅವಳು ಬರುವ ಹೊತ್ತಿಗೆ ಬೂದು ಕೋಣೆಯಲ್ಲಿ ಒಡತಿಯ ತಮ್ಮ ತಲೆ ಮೇಲೆ ಕೈ ಹೊತ್ತು ನಿಂತಿದ್ದ. ಮೇಷ್ಟ್ರು ಕುರ್ಚಿಯಲ್ಲಿ ಕೂತು ಒಂದಾದ ಮೇಲೊಂದು ಫೋಟೋ ತೆರೆಯುತ್ತಿದ್ದರು. ಎಲ್ಲವೂ ಕ್ಯಾಮೆರಾದಿಂದ ಬಂದ ದಿನ ಹೇಗಿದ್ದವೋ ಹಾಗೆ: ಮಂಕು, ಓರೆ, ಅಂಚಿನಲ್ಲಿ ಯಾರದೋ ಮೊಣಕೈ, ಮದುಮಗಳ ಕೆನ್ನೆಯ ಮೇಲೆ ಮೊಡವೆ.

"ಅಂಕಿ ತುಂಬಿದ ಚಿಕ್ಕ ಚಿಕ್ಕ ಫೈಲು... ಅದನ್ನ ನಾನೇ ತೆಗೆದೆ," ಎಂದಳು ಅವಳು. "ಕಸ ಅಂದ್ಕೊಂಡೆ."

"ಕಸಾನಾ! ಎಂಟು ವರ್ಷದ ಕೆಲಸ ಅಲ್ವೇನ್ರೀ ಅದು!" ಎಂದು ತಮ್ಮ ಕೂಗಿದ.

ಮೇಷ್ಟ್ರು ಅವನತ್ತ ಕೈ ಎತ್ತಿ ಸುಮ್ಮನಿರಿಸಿದರು. ಪಕ್ಕದ ಕುರ್ಚಿ ಎಳೆದು, "ಕೂತ್ಕೊಳಮ್ಮ" ಎಂದರು. ಅವಳು ಕೂರಲಿಲ್ಲ. ಅವರೇ ನಿಧಾನವಾಗಿ ಹೇಳಿದರು. ಕ್ಯಾಮೆರಾ ತೆಗೆದ ಚಿತ್ರವನ್ನು ಇಲ್ಲಿ ಯಾರೂ ಮುಟ್ಟುವುದಿಲ್ಲ. ಎಷ್ಟು ಬೆಳಗಿಸಬೇಕು, ಎಲ್ಲಿ ಕತ್ತರಿಸಬೇಕು, ಬಣ್ಣ ಎಷ್ಟು ಬೆಚ್ಚಗಿರಬೇಕು, ಚಿತ್ರದಲ್ಲಿರುವವರು ಯಾರು, ಎಲ್ಲವನ್ನೂ ಪಕ್ಕದ ಒಂದು ಚೀಟಿಯಲ್ಲಿ ಬರೆದಿಡುವುದು. ಕಂಪ್ಯೂಟರ್ ಆ ಚೀಟಿ ಓದಿಕೊಂಡು ಚಿತ್ರ ತೋರಿಸುತ್ತದೆ. ಚೀಟಿ ಹೋದರೆ ಚಿತ್ರ ಹುಟ್ಟಿದ ಹಾಗೇ ಕಾಣುತ್ತದೆ.

"ಹಾಗಾಗಿ ನೀನು ಅಳಿಸಿದ್ದು ಚಿತ್ರ ಅಲ್ಲ. ನನ್ನ ಅಭಿಪ್ರಾಯ ಅಷ್ಟೆ," ಎಂದರು. "ಅಭಿಪ್ರಾಯ ತಾನೇ, ಇನ್ನೊಂದು ಸಲ ಬಂದ್ರೂ ಬರುತ್ತೆ. ಮೊದಲು ನೀರು ಕುಡಿ."

ಎರಡನೆಯ ಡಿಸ್ಕಿನಲ್ಲಿ ಪ್ರತಿ ಇರಬೇಕಲ್ಲ ಎಂದು ತಮ್ಮ ಓಡಿದ. ಆ ಡಿಸ್ಕು ವಿಧೇಯ ಶಿಷ್ಯನಂತೆ, ಮೊದಲನೆಯದರಲ್ಲಿ ಅಳಿಸಿದ್ದನ್ನೆಲ್ಲ ಭಾನುವಾರ ತಾನೂ ಅಳಿಸಿಕೊಂಡು ಕೂತಿತ್ತು. ಕೊನೆಗೆ ಒಡತಿಯ ಲ್ಯಾಪ್‌ಟಾಪಿನಲ್ಲಿ, ಮೂರು ವರ್ಷದ ಹಿಂದೆ ಯಾವುದೋ ಪ್ರಯಾಣಕ್ಕೆ ಮಾಡಿಕೊಂಡ ಪ್ರತಿ ಸಿಕ್ಕಿತು. ಒಂಬತ್ತು ಸಾವಿರ ಚೀಟಿ ಮರಳಿ ಬಂದವು. ಐದು ಸಾವಿರ ಹೋದದ್ದು ಹೋದದ್ದೇ.

ಒಡತಿ ಕೇಳಿದಾಗ ಮೇಷ್ಟ್ರು, "ನಮ್ಮ ಪದ್ಧತೀಲೇ ತೂತಿತ್ತು ಮೇಡಂ. ಹೊಸಬರಿಗೆ ಚೀಟಿ ಅಂದ್ರೇನು ಅಂತ ನಾವ್ಯಾರೂ ಹೇಳಿರಲಿಲ್ಲ" ಎಂದರಂತೆ. ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಅದು ಅವಳ ಕಿವಿಗೆ ಬಿದ್ದಾಗ ಸುಮ್ಮನಿರಲಾಗಲಿಲ್ಲ. ಒಡತಿಯ ಕೋಣೆಗೆ ಹೋಗಿ, "ಅಳಿಸಿದ್ದು ನಾನು. ಕೇಳದೆ ಅಳಿಸಿದ್ದು ನನ್ನ ತಪ್ಪು. ಕೆಲಸ ಬಿಡು ಅಂದ್ರೆ ಬಿಡ್ತೀನಿ" ಎಂದಳು.

ಒಡತಿ ಲೆನ್ಸು ಒರೆಸುತ್ತಿದ್ದರು. ತಲೆ ಎತ್ತಲಿಲ್ಲ. "ಬಿಟ್ಟು ಎಲ್ಲಿಗೆ ಹೋಗ್ತೀರಿ? ಒಂದು ಸಲ ಹಾಲು ಉಕ್ಕಿಸಿದವರು ಆಮೇಲೆ ಒಲೆ ಬಿಟ್ಟು ಕದಲಲ್ಲ. ಇನ್ಮೇಲೆ ಚೀಟಿಗಳ ಜವಾಬ್ದಾರಿ ನಿಮ್ಮದೇ," ಎಂದರು.

ಅವಳು ಮೆಟ್ಟಿಲಿಳಿದು ಟೈರ್ ಅಂಗಡಿಯ ಪಕ್ಕದ ಸಂದಿಯಲ್ಲಿ ನಿಂತು, ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಅತ್ತಳು. ಬೈಸಿಕೊಂಡಿದ್ದರೆ ಅಳು ಬರುತ್ತಿರಲಿಲ್ಲ.

ಆ ಐದು ಸಾವಿರವನ್ನು ಮತ್ತೆ ತಿದ್ದಲು ಏಳು ತಿಂಗಳು ಹಿಡಿಯಿತು. ದಿನಾ ಮಧ್ಯಾಹ್ನ ಊಟವಾದ ಮೇಲೆ ಎರಡು ಗಂಟೆ ಅವಳು ಮೇಷ್ಟ್ರ ಪಕ್ಕ ಕೂರುತ್ತಿದ್ದಳು. ಅವರು ಹೇಳುತ್ತಿದ್ದರು, ಅವಳು ಹೆಸರು, ದಿನಾಂಕ, ಯಾರ ಮನೆಯವರು ಎಂಬುದನ್ನೆಲ್ಲ ಚೀಟಿಗೆ ಸೇರಿಸುತ್ತಿದ್ದಳು. ಮೊದಮೊದಲು ಅವಳಿಗೆ ಚಿತ್ರದಲ್ಲಿ ಮುಖ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. "ಮುಖ ಆಮೇಲೆ ನೋಡು. ಮೊದಲು ಬೆಳಕು ಎಲ್ಲಿಂದ ಬಂದಿದೆ ನೋಡು," ಎನ್ನುತ್ತಿದ್ದರು ಅವರು. "ಈ ಅಜ್ಜಿ ಬಿಳಿ ಶಾಲು ಹೊದ್ದಿದ್ದಾರೆ ಅಲ್ವಾ? ಅದು ಬಿಳಿ ಅಂತ ನಿನ್ನ ಮನಸ್ಸು ಹೇಳುತ್ತೆ. ಕಣ್ಣನ್ನ ಕೇಳು, ಏನು ಬಣ್ಣ?" ಅವಳು ಬಗ್ಗಿ ನೋಡಿ, "ಸ್ವಲ್ಪ ಹಸಿರು" ಎಂದರೆ, ಅವರು ತೊಡೆ ತಟ್ಟಿಕೊಂಡು, "ಹ್ಞಾಂ! ಪಕ್ಕದಲ್ಲಿ ಗಿಡ ಇದೆ!" ಎಂದು ಮಗುವಿನ ಹಾಗೆ ಸಂತೋಷಪಡುತ್ತಿದ್ದರು. ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದ ಚಟ ಅವರನ್ನು ಬಿಟ್ಟಿರಲಿಲ್ಲ. ಕಲಿಯುವ ಚಟ ಅವಳಿಗೂ ಹತ್ತಿತು.

ಮನೆಯಲ್ಲಿ ಅತ್ತೆ, "ಫೋಟೋ ತೆಗೆಯೋರು ಬೇರೆ, ತಿದ್ದೋರು ಬೇರೆ, ನಿಂದೇನು ಕೆಲಸ?" ಎಂದು ಕೇಳಿದರು.

"ತಿದ್ದಿದ ಚೀಟಿ ಕಾಯೋದು ಅತ್ತೆ."

"ಚೀಟಿ ಏನು ಹಸುನಾ, ಓಡಿಹೋಗೋಕೆ?"

ಓಡಿಹೋಗುತ್ತವೆ ಎಂದು ಅವಳಿಗೆ ಗೊತ್ತಿತ್ತು. ಯಾರಾದರೂ ಫೋಟೋವನ್ನು ಬೇರೆ ಫೋಲ್ಡರಿಗೆ ಎಳೆದು ಚೀಟಿಯನ್ನು ಅಲ್ಲೇ ಬಿಟ್ಟರೆ ಅದು ಅನಾಥ. ಯಾರಾದರೂ ಫೋಟೋದ ಹೆಸರು ಬದಲಿಸಿ ಚೀಟಿಯ ಹೆಸರು ಬದಲಿಸದಿದ್ದರೆ ಇಬ್ಬರೂ ಒಬ್ಬರನ್ನೊಬ್ಬರು ಗುರುತಿಸುವುದಿಲ್ಲ. ಎಲ್ಲಕ್ಕಿಂತ ದೊಡ್ಡ ತಲೆನೋವು, ಇಬ್ಬರು ಒಂದೇ ಫೋಟೋ ತೆರೆದು ಕೂರುವುದು. ಒಂದು ಮದುವೆಯ ಫೋಟೋಗಳು ಎರಡು ವಾರ ಹಾಗೆ ಆಟವಾಡಿಸಿದವು. ಮೇಷ್ಟ್ರು ತಿದ್ದಿಟ್ಟರೆ ಮಾರನೆಯ ದಿನ ಮದುಮಗ ಹಳದಿಯಾಗಿರುತ್ತಿದ್ದ. ತಮ್ಮ ತಿದ್ದಿಟ್ಟರೆ ಮತ್ತೆ ಬೆಳ್ಳಗಾಗಿರುತ್ತಿದ್ದ. ಕಂಪ್ಯೂಟರಿಗೆ ಏನೋ ಮೆಟ್ಟಿಕೊಂಡಿದೆ ಎಂದು ಇಬ್ಬರೂ ಬೇರೆಬೇರೆಯಾಗಿ ಬಂದು ಅವಳ ಹತ್ತಿರ ಪಿಸುಗುಟ್ಟಿದರು. ಅವಳು ಚೀಟಿಯೊಳಗಿನ ಗಂಟೆ ನಿಮಿಷ ಓದಿ ನೋಡಿದಳು. ಬೆಳಿಗ್ಗೆ ಹತ್ತೂ ನಲವತ್ತಕ್ಕೆ ಮೇಷ್ಟ್ರು, ಹನ್ನೊಂದೂಕಾಲಿಗೆ ತಮ್ಮ, ಮಧ್ಯಾಹ್ನ ಮತ್ತೆ ಮೇಷ್ಟ್ರು. "ದೆವ್ವ ಯಾವುದೂ ಇಲ್ಲ, ನೀವಿಬ್ಬರೇ ಇರೋದು" ಎಂದಾಗ ಇಡೀ ಕೋಣೆ ನಕ್ಕಿತು.

ಅವತ್ತೇ ಗೋಡೆಗೆ ಒಂದು ಹಲಗೆ ಬಂತು. ಪ್ರತಿ ಕೆಲಸಕ್ಕೂ ಒಂದು ರಟ್ಟಿನ ತುಂಡು. ಅದು ಯಾರ ಮೇಜಿನ ಮೇಲಿದೆಯೋ ಅವರು ಮಾತ್ರ ಆ ಫೋಟೋಗಳನ್ನು ತೆರೆಯಬೇಕು. ಜೊತೆಗೆ ಇನ್ನೂ ಮೂರು ಕಟ್ಟಳೆ. ಫೋಟೋ ಎಲ್ಲಿ ಹೋದರೂ ಚೀಟಿ ಜೊತೆಗೆ ಹೋಗಬೇಕು. ಸಂಜೆ ಮನೆಗೆ ಹೋಗುವ ಮೊದಲು ಚೀಟಿಗಳ ಪ್ರತಿ ಬೇರೊಂದು ಡಿಸ್ಕಿಗೆ ಹೋಗಬೇಕು, ಮತ್ತು ಅಲ್ಲಿ ಹಳೆಯದರ ಮೇಲೆ ಹೊಸದು ಬೀಳಬಾರದು, ದಿನಕ್ಕೊಂದು ಬೇರೆ ಕಂತೆ. ಮೂರನೆಯದು, ಗೊತ್ತಿಲ್ಲದ್ದನ್ನು ಅಳಿಸುವ ಮೊದಲು ಮೂರು ಜನರನ್ನು ಕೇಳಬೇಕು. ಆ ಮೂರನೆಯದನ್ನು ಬರೆಯುವಾಗ ಅವಳೇ ನಕ್ಕಳು.

ಹೀಗೆ ನಾಲ್ಕು ವರ್ಷ ಕಳೆಯಿತು.

ಐದನೆಯ ವರ್ಷ ಪ್ರಿಂಟಣ್ಣ ಮಗಳ ಬಾಣಂತನಕ್ಕೆಂದು ಒಂದು ತಿಂಗಳು ರಜೆ ಹಾಕಿದ. ಪ್ರಿಂಟ್ ಹಾಕುವ ಕೆಲಸ ತಮ್ಮನ ತಲೆಗೆ ಬಂತು. ವಾರ ಕಳೆಯುವಷ್ಟರಲ್ಲಿ ಒಬ್ಬ ಗಿರಾಕಿ ಮೇಲೆ ಬಂದು, ಮನೆಯವರೆಲ್ಲ ಕೂತ ಫೋಟೋವನ್ನು ಮೇಜಿನ ಮೇಲೆ ಹರವಿದ. "ನೋಡಿ ಮೇಡಂ, ನಮ್ಮ ಮನೆಯವರೆಲ್ಲ ಕೆರೆಯಿಂದ ಎದ್ದು ಬಂದ ಹಾಗಿದ್ದಾರೆ!" ನಿಜ, ಎಲ್ಲರ ಮುಖದಲ್ಲೂ ನೀಲಿ ಛಾಯೆ. ಮಾರನೆಯ ದಿನ ಇನ್ನೊಬ್ಬರು, ಅದರ ಮಾರನೆಯ ದಿನ ಮತ್ತೊಬ್ಬರು.

ಒಡತಿ ತಮ್ಮನನ್ನು ತರಾಟೆಗೆ ತೆಗೆದುಕೊಂಡರು. "ಜೀವನವಿಡೀ ಹಳದಿ ಬಳಿದೆ. ಈಗ ನೀಲಿ ಹಿಡೀತಾ ನಿಂಗೆ?"

"ಅಕ್ಕಾ, ನಾನು ಮುಟ್ಟಿಲ್ಲ! ಚೀಟೀಲಿ ಏನಿದ್ಯೋ ಹಾಗೇ ಪ್ರಿಂಟ್ ಹಾಕಿದ್ದೀನಿ," ಎಂದ ತಮ್ಮ. ಹೇಳುವಾಗ ಅವನ ಕಣ್ಣಲ್ಲಿ ನೀರು ತುಂಬಿತ್ತು.

ಚೀಟಿಯಕ್ಕ ಆ ಮಾತು ಕೇಳಿದಳು. ಹೋಗಿ ಆ ಫೋಟೋಗಳ ಚೀಟಿ ತೆರೆದಳು. ಮೂರೂ ಮೇಷ್ಟ್ರು ತಿದ್ದಿದವು. ಚೀಟಿಯಲ್ಲಿ ಬಣ್ಣದ ಕಾವಿಗೆ ಒಂದು ಸಂಖ್ಯೆ ಇರುತ್ತದೆ. ಅದು ಇಳಿದಷ್ಟೂ ಚಿತ್ರ ನೀಲಿಗೆ ವಾಲುತ್ತದೆ. ಮುಂದಿನ ಕೋಣೆಯ ದೀಪಗಳು ಬದಲಾಗಿಲ್ಲ, ಪರದೆ ಬದಲಾಗಿಲ್ಲ. ಅಲ್ಲಿ ತೆಗೆದ ಫೋಟೋಗೆ ಆ ಸಂಖ್ಯೆ ಯಾವಾಗಲೂ ಐದು ಸಾವಿರದ ಐನೂರರ ಆಸುಪಾಸಿನಲ್ಲಿ ಇರಬೇಕು. ಇಲ್ಲಿ ನಾಲ್ಕು ಸಾವಿರದ ಐನೂರಿತ್ತು.

ಕರಡು ತಿದ್ದಿದ ಕಣ್ಣು ಒಂದು ತಪ್ಪು ಕಂಡರೆ ಅಲ್ಲಿಗೇ ನಿಲ್ಲುವುದಿಲ್ಲ. ಕಾರ್ಖಾನೆಯ ಗುರುತಿನ ಕಾರ್ಡಿನ ಫೋಟೋಗಳು ಪ್ರತಿ ತಿಂಗಳೂ ಮೇಷ್ಟ್ರ ಮೇಜಿಗೆ ಬರುತ್ತಿದ್ದವು. ಅದೇ ಕೋಣೆ, ಅದೇ ದೀಪ, ಅದೇ ಸ್ಟೂಲು. ಅವುಗಳ ಚೀಟಿಗಳನ್ನು ಎರಡು ವರ್ಷ ಹಿಂದಿನಿಂದ ತೆರೆಯುತ್ತಾ ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡಳು. ಐದು ಸಾವಿರದ ಐನೂರು. ಐದು ಸಾವಿರದ ಮುನ್ನೂರೈವತ್ತು ಆದಾಗ ಯಾರಿಗೂ ಗೊತ್ತಾಗಿಲ್ಲ. ಆಮೇಲೆ ಐದು ಸಾವಿರದ ನೂರು. ನಾಲ್ಕು ಸಾವಿರದ ಎಂಟುನೂರು. ಮೆಟ್ಟಿಲಿಳಿದ ಹಾಗೆ ಇಳಿದಿತ್ತು. ಬೆಳಕಿನ ಸಂಖ್ಯೆ ಮಾತ್ರ ತಿಂಗಳಿಂದ ತಿಂಗಳಿಗೆ ಏರಿತ್ತು. ತಮ್ಮ ತಿದ್ದಿದ ಚೀಟಿಗಳಲ್ಲಿ ಅಂಥದ್ದೇನೂ ಇರಲಿಲ್ಲ. ಅವನ ಹಳದಿ ಎರಡು ವರ್ಷವೂ ಒಂದೇ ಸಮ.

ಪ್ರಿಂಟಣ್ಣನಿಗೆ ಫೋನ್ ಮಾಡಿದಳು. ಹಿಂದೆ ಕೂಸು ಅಳುವ ಸದ್ದು. "ನಂಗೆ ಗೊತ್ತಿತ್ತಕ್ಕ," ಎಂದ ಅವನು. "ಒಂದು ವರ್ಷದಿಂದ ನಾನೇ ಮಿಷನ್ನಲ್ಲಿ ಸ್ವಲ್ಪ ಸ್ವಲ್ಪ ಹಳದಿ ಸೇರಿಸಿ ಪ್ರಿಂಟ್ ಹಾಕ್ತಿದ್ದೆ. ಮೇಷ್ಟ್ರಿಗೆ ಹೇಳೋದು ಹ್ಯಾಗೆ? ಬಿಸಿ ತುಪ್ಪ ಬಾಯಲ್ಲಿಟ್ಟ ಹಾಗಾಗಿತ್ತು. ನುಂಗೋಕೂ ಆಗ್ಲಿಲ್ಲ, ಉಗುಳೋಕೂ ಆಗ್ಲಿಲ್ಲ."

ಮನೆಗೆ ಬಂದು ಅವಳು ಸಪ್ಪೆ ಮುಖ ಹಾಕಿಕೊಂಡು ಕೂತಳು. ಅತ್ತೆ ಬಿಡಿಸಿ ಬಿಡಿಸಿ ಕೇಳಿದಾಗ ಎಲ್ಲ ಹೇಳಿದಳು. ಮೇಷ್ಟ್ರಿಗೆ ವಯಸ್ಸಾಯಿತು, ಕೈ ತಪ್ಪುತ್ತಿದೆ, ಇದನ್ನು ಒಡತಿಗೆ ಹೇಳಿದರೆ ಅವರ ಕೆಲಸ ಹೋಗುತ್ತದೆ, ಹೇಳದಿದ್ದರೆ ತಮ್ಮನ ಮೇಲೆ ಗೂಬೆ ಕೂರುತ್ತದೆ.

ಅತ್ತೆ ಬಟಾಣಿ ಸುಲಿಯುತ್ತಿದ್ದರು. "ಕೈ ಯಾಕೆ ತಪ್ಪುತ್ತೆ? ಕಣ್ಣು ತೋರಿಸ್ಕೊಂಡಿದ್ದಾರಾ?" ಎಂದರು.

"ಕಣ್ಣು ಚೆನ್ನಾಗೇ ಇದೆ ಅತ್ತೆ. ಸಣ್ಣ ಕೂದಲೆಳೆನೂ ಕಾಣುತ್ತೆ ಅವರಿಗೆ."

"ನಂಗೂ ಕಾಣ್ತಿತ್ತು. ಪೊರೆ ತೆಗೆಸಿ ಮನೆಗೆ ಬಂದ ದಿನ ನಾನೇನಂದೆ, ಮರೆತ್ಯಾ? ಈ ಗೋಡೆಗೆ ಯಾವಾಗ ಸುಣ್ಣ ಬಳಿಸಿದ್ರಿ ಅಂತ ಕೇಳ್ದೆ. ಬಳಿಸಿರಲೇ ಇಲ್ಲ! ಮೂರು ವರ್ಷದಿಂದ ಬೆಣ್ಣೆ ಬಣ್ಣದ ಗೋಡೆ ಅಂದ್ಕೊಂಡಿದ್ದೆ ನಾನು. ಪೊರೆ ಹಳದಿ ಕನ್ನಡಕ ಇದ್ದ ಹಾಗೆ ಕಣೆ. ಯಾರು ಹಾಕಿದ್ರು ಅಂತ್ಲೂ ಗೊತ್ತಾಗಲ್ಲ."

ಚೀಟಿಯಕ್ಕನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಎಲ್ಲವನ್ನೂ ಹಳದಿಯಾಗಿ ಕಾಣುವವನು ಹಳದಿ ತೆಗೆಯಲು ನೀಲಿ ಸುರಿಯುತ್ತಾನೆ. ಮಂಕಾಗಿ ಕಾಣುವವನು ಬೆಳಕು ಏರಿಸುತ್ತಾನೆ. ಮೇಷ್ಟ್ರ ಕೈ ತಪ್ಪಿರಲಿಲ್ಲ. ಕಂಡದ್ದನ್ನು ಪ್ರಾಮಾಣಿಕವಾಗಿ ತಿದ್ದಿದ್ದರು. ಅವಳು ಅತ್ತೆಯ ಕೈ ಹಿಡಿದುಕೊಂಡು ಒತ್ತಿದಳು. "ಬಿಡೇ, ಬಟಾಣಿ ಚೆಲ್ಲುತ್ತೆ" ಎಂದರು ಅತ್ತೆ.

ಮಾರನೆಯ ದಿನ ಬೇಗ ಹೋಗಿ ಮೊದಲು ತಮ್ಮನಿಗೆ, "ನಿನ್ನದೇನೂ ತಪ್ಪಿಲ್ಲ, ಸಂಜೆವರೆಗೂ ಬಾಯಿ ಬಿಡಬೇಡ" ಎಂದು ಹೇಳಿದಳು. ಮೇಷ್ಟ್ರು ಬಂದು ಕೂತ ಮೇಲೆ ಟೀ ತಂದಿಟ್ಟು, ಸಂಖ್ಯೆಗಳ ಹಾಳೆಯನ್ನು ಅವರ ಮುಂದೆ ಸರಿಸಿದಳು. ಮಾತು ಹೇಗೆ ಶುರು ಮಾಡಬೇಕೆಂದು ರಾತ್ರಿಯೆಲ್ಲ ಯೋಚಿಸಿದ್ದಳು, ಬಂದದ್ದು ಇಷ್ಟೇ: "ಮೇಷ್ಟ್ರೇ, ಚೀಟಿಗಳು ಏನೋ ಹೇಳ್ತಾ ಇವೆ. ನಂಗೆ ಅರ್ಥ ಆಗಿದ್ದು ಸರಿನಾ ನೋಡಿ."

ಅವರು ಓದಿದರು. ಇನ್ನೊಮ್ಮೆ ಓದಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. "ಅಂದ್ರೆ? ಎರಡು ವರ್ಷದಿಂದ ನನ್ನ ಕಣ್ಣಿಗೆ ಕಂಡಿದ್ದೆಲ್ಲ ಸುಳ್ಳು ಅಂತೀಯಾ?"

"ಕಣ್ಣು ಡಾಕ್ಟರ್‌ಗೆ ಒಂದು ಸಲ ತೋರಿಸೋಣ ಅಂತೀನಿ."

"ಬೇಕಾದ್ರೆ ನಾನೇ ತೋರಿಸ್ಕೋತೀನಿ. ನೀನು ಚೀಟಿ ನೋಡ್ಕೋ, ಸಾಕು," ಎಂದರು. ಅವರ ಬಾಯಲ್ಲಿ ಅಂಥ ಮಾತು ಅವಳು ಕೇಳಿದ್ದು ಅದೇ ಮೊದಲು. ಟೀ ಹಾಗೇ ಆರಿತು. ಅವತ್ತು, ಅದರ ಮಾರನೆಯ ದಿನ, ಅವರು ಅವಳ ಜೊತೆ ಮಾತಾಡಲಿಲ್ಲ. ಹೊಸ ಫೋಟೋ ಒಂದನ್ನೂ ತೆರೆಯಲಿಲ್ಲ ಕೂಡ. ಹಳೆಯ ಫೋಲ್ಡರುಗಳ ಹೆಸರನ್ನು ನೋಡುತ್ತಾ ಕೂತಿದ್ದರು.

ಮೂರನೆಯ ದಿನ ಬೆಳಿಗ್ಗೆ ಮೇಷ್ಟ್ರ ಹೆಂಡತಿಯ ಫೋನು. "ಏನಮ್ಮಾ ಹೇಳ್ದೆ ಇವರಿಗೆ? ನಿನ್ನೆ ಸಂಜೆಯಿಂದ ಬಟ್ಟೆ ಒಣಹಾಕಿದ ಹಗ್ಗದ ಮುಂದೆ ನಿಂತು, ಒಂದು ಕಣ್ಣು ಮುಚ್ಚೋದು, ಇನ್ನೊಂದು ಕಣ್ಣು ಮುಚ್ಚೋದು. ನನ್ನ ಬಿಳಿ ಸೀರೆ ಹಿಡ್ಕೊಂಡು ಇದು ಯಾವ ಬಣ್ಣ ಯಾವ ಬಣ್ಣ ಅಂತ ನೂರು ಸಲ ಕೇಳಿದ್ರು. ಈಗ ಆಸ್ಪತ್ರೆಗೆ ಹೊರಟಿದ್ದಾರೆ. ನೀನೂ ಬರಬೇಕಂತೆ."

ಕಣ್ಣಿನ ಆಸ್ಪತ್ರೆಯ ಉದ್ದನೆಯ ಬೆಂಚಿನ ಮೇಲೆ ಮೂವರೂ ಕೂತರು. ಮೇಷ್ಟ್ರು ಮುಂದಿನ ಗೋಡೆಯನ್ನೇ ನೋಡುತ್ತಾ, "ಆವತ್ತು ಒರಟಾಗಿ ಮಾತಾಡ್ದೆ" ಎಂದರು.

"ನಾನು ಹದಿನಾಲ್ಕು ಸಾವಿರ ಚೀಟಿ ಅಳಿಸಿದಾಗ ನೀವು ಅಷ್ಟೂ ಆಡಲಿಲ್ಲ," ಎಂದಳು ಅವಳು. ಅವರ ಹೆಂಡತಿ ಇಬ್ಬರ ಮುಖವನ್ನೂ ನೋಡಿ, ಚೀಲದಿಂದ ಬಾಳೆಹಣ್ಣು ತೆಗೆದು ಇಬ್ಬರಿಗೂ ಒಂದೊಂದು ಕೊಟ್ಟರು.

ಡಾಕ್ಟರು ಮೇಷ್ಟ್ರ ಕೈಯಲ್ಲಿದ್ದ ಸಂಖ್ಯೆಗಳ ಹಾಳೆ ಕೇಳಿ ತೆಗೆದುಕೊಂಡು ಓದಿದರು. ಎರಡೂ ಕಣ್ಣಲ್ಲಿ ಪೊರೆ ಬಲಿತಿತ್ತು, ಬಲಗಣ್ಣಿನಲ್ಲಿ ಹೆಚ್ಚು. "ಸಾಮಾನ್ಯವಾಗಿ ಜನ ಎದುರಿಗೆ ಬಂದವರ ಗುರುತು ಸಿಗದೆ ಹೋದಾಗ ಬರ್ತಾರೆ. ನೀವು ತಿಂಗಳು ತಿಂಗಳಿನ ಲೆಕ್ಕ ತಂದಿದ್ದೀರಿ. ಯಾರು ಬರೆದದ್ದು ಇದು?" ಎಂದು ಕೇಳಿದರು. ಮೇಷ್ಟ್ರು ಅವಳ ಕಡೆ ಬೆರಳು ತೋರಿಸಿ, "ನಮ್ಮ ಚೀಟಿಯಕ್ಕ" ಎಂದರು. ಹೇಳಿದ ರೀತಿಯಲ್ಲಿ ಹೆಮ್ಮೆಯಿತ್ತು.

ಅವತ್ತೇ ಅವಳು ಒಡತಿಗೆ ನಡೆದದ್ದನ್ನೆಲ್ಲ ಹೇಳಿದಳು. ಒಡತಿ ಮೊದಲು ಹೋಗಿ ತಮ್ಮನ ಬೆನ್ನು ತಟ್ಟಿದರು. ಅವನಿಗೆ ಅದು ಹಳದಿಗಿಂತ ಹೆಚ್ಚು ಬೆಚ್ಚಗಾಗಿರಬೇಕು. ಆಮೇಲೆ, "ಮೇಷ್ಟ್ರು ಬರೋವರೆಗೂ ಆ ಕುರ್ಚಿ ಹಾಗೇ ಇರಲಿ," ಎಂದರು.

ಒಂದು ಕಣ್ಣಿಗೆ ಆಪರೇಷನ್ ಆಗಿ, ಇನ್ನೊಂದಕ್ಕೆ ಆಗುವ ನಡುವೆ ಮೂರು ವಾರ. ನೋಡಲು ಹೋದವರಿಗೆಲ್ಲ ಮೇಷ್ಟ್ರು ಕಿಟಕಿಯ ಬಳಿ ನಿಂತು ಪಾಠ ಮಾಡುತ್ತಿದ್ದರು. "ಈ ಕಣ್ಣಲ್ಲಿ ನೋಡಿದ್ರೆ ಆಕಾಶ. ಈ ಕಣ್ಣಲ್ಲಿ ನೋಡಿದ್ರೆ ಟೀ ಸೋಸಿದ ಬಟ್ಟೆ."

ಆ ದಿನಗಳಲ್ಲಿ ಚೀಟಿಯಕ್ಕ ಸುಮ್ಮನೆ ಕೂರಲಿಲ್ಲ. ಎರಡು ವರ್ಷದಲ್ಲಿ ಮೇಷ್ಟ್ರು ತಿದ್ದಿದ್ದು ಆರು ಸಾವಿರಕ್ಕೂ ಹೆಚ್ಚು ಫೋಟೋ. ಅವರ ಚೀಟಿಗಳನ್ನು ಮುಟ್ಟದೆ, ಪ್ರತಿಯೊಂದರ ಪಕ್ಕದಲ್ಲಿ ಇನ್ನೊಂದು ಚೀಟಿ ಮಾಡಿದಳು. ಯಾವ ತಿಂಗಳು ಸಂಖ್ಯೆ ಎಷ್ಟು ಇಳಿದಿತ್ತೋ ಅಷ್ಟು ಏರಿಸಿದಳು, ಬೆಳಕು ಎಷ್ಟು ಏರಿತ್ತೋ ಅಷ್ಟು ಇಳಿಸಿದಳು. ಕತ್ತರಿಸಿದ ಅಂಚು, ಮುಖದ ನಯ, ಇವೆಲ್ಲ ಅವರು ಮಾಡಿದ ಹಾಗೇ ಇದ್ದವು. ಅಲ್ಲಿ ತಿದ್ದಲು ಏನೂ ಇರಲಿಲ್ಲ. ಒಳಾಂಗಣದ ಫೋಟೋಗಳಿಗೆ ಲೆಕ್ಕ ಸರಿಹೋಯಿತು. ಹೊರಗೆ ತೆಗೆದವಕ್ಕೆ ಲೆಕ್ಕ ಸಾಲದು, ಕಣ್ಣೇ ಬೇಕು. ಅವನ್ನು ಒಂದೊಂದಾಗಿ ತೆರೆದು ಬೆಳಕು ಎಲ್ಲಿಂದ ಬಂದಿದೆ ಎಂದು ನೋಡುತ್ತಾ ತಿದ್ದಿದಳು. ಹಾಗೆ ಕೂತಾಗ ಅವಳಿಗೆ ತನಗೆ ಎಷ್ಟೆಲ್ಲ ಬರುತ್ತದೆ ಎಂಬುದು ತಿಳಿಯಿತು. ಅಷ್ಟೂ ಆ ಏಳು ತಿಂಗಳ ಮಧ್ಯಾಹ್ನಗಳಲ್ಲಿ ಬಂದದ್ದು. ಗುರುದಕ್ಷಿಣೆ ಎಂಬ ದೊಡ್ಡ ಮಾತು ಅವಳ ಮನಸ್ಸಿಗೆ ಬರಲಿಲ್ಲ. ಬೇರೆಯವರ ಮನೆಯದಲ್ಲ, ನನ್ನ ಮನೆಯದೇ ಕೆಲಸ ಎಂಬಂತೆ ಮಾಡಿದಳು.

ಮೇಷ್ಟ್ರು ಎರಡು ತಿಂಗಳಿಗೆ ಬಂದರು. ಬೂದು ಕೋಣೆಯಲ್ಲಿ ಕೂತು ತಮ್ಮದೇ ಹಳೆಯ ಫೋಟೋ ತೆರೆದವರು ಎರಡೂ ಕೈ ಕೆನ್ನೆಗಿಟ್ಟುಕೊಂಡರು. "ಅಯ್ಯಯ್ಯೋ! ಇಷ್ಟು ಜನಕ್ಕೂ ಚಳಿ ಹಿಡಿಸಿಬಿಟ್ಟಿದ್ದೀನಲ್ಲ!" ನಗುತ್ತಾ ಹೇಳಿದರೂ ಕಣ್ಣು ಚಿತ್ರದಿಂದ ಕದಲಲಿಲ್ಲ. ಚೀಟಿಯಕ್ಕ ಬಗ್ಗಿ ಎರಡನೆಯ ಚೀಟಿಗೆ ಒತ್ತಿದಳು. ಮುಖಗಳಿಗೆ ರಕ್ತ ಬಂತು. ಅವರು ಇನ್ನೊಂದು ತೆರೆದರು, ಇನ್ನೂ ಒಂದು. ಹೀಗೆ ಸುಮಾರು ಇಪ್ಪತ್ತು ನೋಡಿದರು.

"ಇದೆಲ್ಲ ನೀನು ಮಾಡಿದ್ದಾ?"

"ನಿಮ್ಮದು ಹಾಗೇ ಇದೆ ಮೇಷ್ಟ್ರೇ. ಯಾವುದು ಬೇಕೋ ನೀವೇ ಆರಿಸಿ."

ಅವರು ಅವಳ ತಲೆಯ ಮೇಲೆ ಒಂದು ಗಳಿಗೆ ಕೈ ಇಟ್ಟರು. ಆಮೇಲೆ ಕುರ್ಚಿ ಮುಂದಕ್ಕೆಳೆದು ಕೆಲಸಕ್ಕೆ ಕೂತರು. ಆರು ಸಾವಿರದಲ್ಲಿ ಅವರು ತಮ್ಮ ಹಳೆಯ ಚೀಟಿಯನ್ನೇ ಉಳಿಸಿಕೊಂಡದ್ದು ಹನ್ನೊಂದು ಫೋಟೋಗಳಿಗೆ. ಅವುಗಳಲ್ಲಿ ಮೂರನ್ನು ಕಂಡರೆ ಚೀಟಿಯಕ್ಕನಿಗೂ ಅವರು ಹೇಳಿದ್ದೇ ಸರಿ ಎನ್ನಿಸಿತು. ಮಿಕ್ಕ ಎಂಟಕ್ಕೆ ಹಟವೇ ಕಾರಣ ಎಂದು ಇಬ್ಬರಿಗೂ ಗೊತ್ತಿತ್ತು. ಯಾರೂ ಎತ್ತಿ ಆಡಲಿಲ್ಲ.

ಆಗಲೇ ರಜೆ ಮುಗಿಸಿ ಬಂದಿದ್ದ ಪ್ರಿಂಟಣ್ಣ ಮೇಷ್ಟ್ರ ಮುಂದೆ ತಲೆ ತಗ್ಗಿಸಿ ನಿಂತ. ಒಂದು ವರ್ಷ ಗುಟ್ಟಾಗಿ ಹಳದಿ ಸೇರಿಸಿದ ಕಥೆ ಕೇಳಿ ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನನ್ನ ಮಾನ ಉಳಿಸೋಕೆ ಶಾಯಿ ಸುರಿದ್ಯಲ್ಲಪ್ಪ! ಆದ್ರೆ ಇನ್ನೊಂದು ಸಲ ಹೀಗೆ ಆದ್ರೆ ಬಾಯಿಬಿಟ್ಟು ಹೇಳು. ಇವಳ ಹಾಗೆ."

ಅವರು ಮತ್ತೆ ಮೂರು ವರ್ಷ ಕೆಲಸ ಮಾಡಿದರು. ಬಿಡುವ ದಿನ ಹಾರ ಬೇಡ, ಭಾಷಣ ಬೇಡ ಎಂದು ಮೊದಲೇ ಹೇಳಿದ್ದರು. ಒಡತಿ ಮಾತ್ರ ಬಿಡಲಿಲ್ಲ. ಇಷ್ಟು ವರ್ಷ ಊರವರ ಮುಖವನ್ನೆಲ್ಲ ತಿದ್ದಿದವರ ಒಂದು ಫೋಟೋವೂ ಲೈಬ್ರರಿಯಲ್ಲಿ ಇಲ್ಲ ಎಂದು ಅವರನ್ನು ಸ್ಟೂಲಿನ ಮೇಲೆ ಕೂರಿಸಿ ತಾವೇ ತೆಗೆದರು. ತಿದ್ದುವ ಕೆಲಸ ಚೀಟಿಯಕ್ಕನಿಗೆ ಬಂತು. ತಮ್ಮ ಕೇಳಿದ, ಒಡತಿ ಕೊಡಲಿಲ್ಲ. ಒಂದಿಡೀ ದಿನ ಅವಳು ಆ ಮುಖದ ಮುಂದೆ ಕೂತಳು. ಹಣೆಯ ಗೆರೆ ಒಂದನ್ನೂ ಅಳಿಸಲಿಲ್ಲ. ಕೊನೆಗೆ ಬೆಳಕನ್ನು ಕೂದಲೆಳೆಯಷ್ಟು ತಗ್ಗಿಸಿ, ಚೀಟಿಯಲ್ಲಿ ತಿದ್ದಿದವರು ಎಂಬ ಜಾಗದಲ್ಲಿ ಮೊದಲ ಬಾರಿಗೆ ತನ್ನ ಹೆಸರು ಬರೆದಳು.

ಪ್ರಿಂಟನ್ನು ಚೌಕಟ್ಟಿಗೆ ಹಾಕಿಸಿ, ಒಂದು ಭಾನುವಾರ ಅತ್ತೆಯನ್ನೂ ಕರೆದುಕೊಂಡು ಮೇಷ್ಟ್ರ ಮನೆಗೆ ಹೋದಳು. ಅವರು ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದು, ದೂರವಿಟ್ಟು, ಹತ್ತಿರ ತಂದು, ಬಹಳ ಹೊತ್ತು ನೋಡಿದರು.

"ಕಿವಿ ಸ್ವಲ್ಪ ದೊಡ್ಡದಾಯ್ತಲ್ಲಮ್ಮ."

"ಕಿವಿ ಇರೋದೇ ಅಷ್ಟು ಮೇಷ್ಟ್ರೇ."

ಒಳಗಿನಿಂದ ಟೀ ತರುತ್ತಿದ್ದ ಅವರ ಹೆಂಡತಿ ತಟ್ಟೆ ಕೆಳಗಿಟ್ಟು, "ನಲವತ್ತು ವರ್ಷದಿಂದ ನಾನೂ ಅದನ್ನೇ ಹೇಳ್ತಿದ್ದೀನಿ" ಎಂದರು. ಅತ್ತೆ ಆಗಲೇ ಗೋಡೆಯಲ್ಲಿ ಮೊಳೆ ಹೊಡೆಯಲು ಸರಿಯಾದ ಜಾಗ ಹುಡುಕುತ್ತಿದ್ದರು.